ಕ್ಲಚ್ಚಿಲ್ಲದ ಟಿಪ್ಪರು

ಹಿಂದಿನ ಗಾಲಿಯ ಬ್ರೇಕ್ ಡ್ರಮ್ಮಿಗೆ ಕೈ ತಾಗಿಸಿದವನೇ ಸೀತಾರಾಮ ಬೆರಳನ್ನು ಬಾಯಿಗಿಟ್ಟುಕೊಂಡ. ಡ್ರಮ್ಮು ಕೆಂಡದ ಹಾಗೆ ಕಾದಿತ್ತು. ಅಂದರೆ ಯಾರೋ ಬ್ರೇಕ್ ತುಳಿದುಕೊಂಡೇ ಗಾಡಿ ಓಡಿಸುತ್ತಿದ್ದಾರೆ. ಕಳ್ಳ ಸಿಕ್ಕಿದ ಎಂಬ ಖುಷಿಯಲ್ಲಿ ಬೆರಳಿನ ಉರಿಯೂ ಮರೆತುಹೋಯಿತು.

ಗೇರ್ ಬಾಕ್ಸೆಂದರೆ ಸಿರ್ಸಿಯ ಸೀತಾರಾಮನೇ ಎಂಬ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದವನೂ ಅವನೇ. ಯಲ್ಲಾಪುರದ ಹತ್ತಿರದ ಕಲ್ಲು ಕ್ವಾರಿಗೆ ಹೊರದೇಶದ ಹಳೆಯ ಟಿಪ್ಪರೊಂದು ಬಂದಿತ್ತು. ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬದಲಾಗುವ ಗಾಡಿ. ಏರಿನಲ್ಲಿ ಗೇರು ನಿಲ್ಲುತ್ತಿಲ್ಲ, ಮೇಲೆ ಹೋಗಿ ಮತ್ತೆ ಕೆಳಗೆ ಬೀಳುತ್ತಿದೆ ಎಂದು ಮಾಲೀಕ ಸುಹಾಸ ಫೋನು ಮಾಡಿದಾಗ, ಅಂಥವನ್ನು ಎಷ್ಟೋ ನೋಡಿದ್ದೇನೆ ಎಂದುಬಿಟ್ಟಿದ್ದ. ನೋಡಿದ್ದು ಒಂದೂ ಇರಲಿಲ್ಲ.

ಬೆಳಿಗ್ಗೆ ಬಂದವನು ಮೊದಲು ಗೇರ್ ಆಯಿಲ್ ಮೂಸಿದ. ಸುಟ್ಟ ವಾಸನೆಯಿಲ್ಲ. ಆಕ್ಸಿಲರೇಟರಿನಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್ ಸಡಿಲಾಗಿತ್ತು, ಬಿಗಿ ಮಾಡಿದ. ಟ್ರಯಲ್ ನೋಡಲು ಹತ್ತಿ ಕೂತ. ಗಾಡಿ ನರಳುತ್ತ ಹೋಯಿತೇ ಹೊರತು ಮೇಲಿನ ಗೇರಿಗೆ ಏರಲಿಲ್ಲ. ಫಿಲ್ಟರ್ ತೊಳೆದ, ವೈರುಗಳನ್ನೆಲ್ಲ ತಡಕಿದ, ಮತ್ತೆ ಸುತ್ತು ಹೊಡೆದ. ಮತ್ತದೇ ನರಳಾಟ.

ಡ್ರೈವರ್ ಶಂಕ್ರಪ್ಪ ಬನವಾಸಿ ಕಡೆಯವನು. ಒಮ್ಮೆ ತಾನು ಓಡಿಸಿ ನೋಡಲೇ ಎಂದು ಕೇಳಿದ್ದ. ನಾಡಿ ಹಿಡಿಯುವವರು ಬೇರೆ ಎಂದು ಸೀತಾರಾಮ ಅವನ ಬಾಯಿ ಮುಚ್ಚಿಸಿದ್ದ. ಆ ಮನುಷ್ಯನ ಮೇಲೆ ಅವನಿಗೆ ಮೊದಲೇ ಸಿಟ್ಟು. ಗಾಡಿಯಡಿ ಕೂತು ಟಾರ್ಚು ಹಿಡಿ ಎಂದರೆ ಆಗುವುದಿಲ್ಲ ಅನ್ನುತ್ತಾನೆ. ಮಹಾರಾಜನ ಹಾಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಇವನೇ ತುಳಿದೂ ತುಳಿದೂ ಬ್ರೇಕ್ ಕೆಡಿಸಿಟ್ಟಿದ್ದಾನೆ, ಅದಕ್ಕೇ ಈಗ ಗಾಲಿ ಹಿಡಿದುಕೊಂಡಿದೆ.

ಶಂಕ್ರಪ್ಪನ ಎದುರಿಗೇ ಅವನು ಸುಹಾಸನಿಗೆ ತೀರ್ಪು ಹೇಳಿದ.

“ಗೇರಿಗೆ ಎಂತದೂ ಆಜಿಲ್ಲೆ. ನಿನ್ನ ಡ್ರೈವರು ಕ್ಲಚ್ ಇದ್ದು ಹೇಳಿ ತಿಳ್ಕಂಡು ಎಡಗಾಲು ಬ್ರೇಕಿನ ಮೇಲೇ ಇಡ್ತಾ. ಅವನ್ನ ಇಳ್ಸು, ಗಾಡಿ ಸರಿ ಆಗ್ತು.”

ಶಂಕ್ರಪ್ಪನಿಗೆ ಸಿಟ್ಟು ಬರಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಎಡಗಡೆಯ ಪ್ಯಾಂಟನ್ನು ಮೇಲೆಳೆದ. ಮೊಣಕಾಲಿನ ಕೆಳಗೆ ಇದ್ದದ್ದು ಜೋಡಿಸಿದ ಕಾಲು. ಇದೇ ಕ್ವಾರಿಯಲ್ಲಿ ಬಂಡೆ ಉರುಳಿ ಕಾಲು ಹೋದ ಮೇಲೆ, ಒಳಗಿನ ದಾರಿಯಲ್ಲಾದರೂ ಅವನು ಓಡಿಸಿಕೊಂಡಿರಲಿ ಎಂದು, ಎಡಗಾಲು ಬೇಡದ ಈ ಗಾಡಿಯನ್ನು ಸುಹಾಸ ಹುಡುಕಿ ತಂದಿದ್ದ.

“ಇದನ್ನ ಎತ್ತಿ ಬ್ರೇಕಿನ ಮ್ಯಾಗ ಇಡಾಕ ನನ್ನ ಕೈಲೆ ಆಗಂಗಿಲ್ರಿ,” ಎಂದ ಶಂಕ್ರಪ್ಪ.

ಬೆಳಿಗ್ಗೆಯಿಂದ ಗಾಡಿ ಓಡಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಜೀವಮಾನವಿಡೀ ಲಾರಿಗಳ ಕ್ಲಚ್ಚು ತುಳಿದ ಸೀತಾರಾಮನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತ ಹೋಗಿ, ಅಲ್ಲಿದ್ದ ಅಗಲವಾದ ಬ್ರೇಕ್ ಪೆಡಲಿನ ಮೇಲೆ ಆರಾಮಾಗಿ ಕೂತಿತ್ತು. ಕೇಬಲ್ ಬಿಗಿಮಾಡಿದಾಗಲೇ ಗಾಡಿಯ ಕಾಯಿಲೆ ವಾಸಿಯಾಗಿತ್ತು. ಆಮೇಲಿನ ಕಾಯಿಲೆ ಡಾಕ್ಟರನದು.

ಅವನು ತಪ್ಪಾಯಿತು ಎಂದು ಗೊಣಗಿ, ಶಂಕ್ರಪ್ಪನನ್ನೂ ಕರೆದುಕೊಂಡು ಕ್ಯಾಬಿನ್ ಹತ್ತಿದ. ಎಡಗಾಲನ್ನು ಮಡಚಿ ತೊಡೆಯಡಿ ಹಾಕಿಕೊಂಡು ಸ್ಟೀರಿಂಗ್ ಮುಂದೆ ಕೂತ. ಟಿಪ್ಪರು ಏರು ಹತ್ತಿತು, ಗೇರುಗಳು ಒಂದಾದ ಮೇಲೊಂದು ಸಲೀಸಾಗಿ ಬದಲಾದವು. ಶಂಕ್ರಪ್ಪ ದಾರಿಯನ್ನೇ ನೋಡುತ್ತ ಹೇಳಿದ:

“ಈಗ ಸರಿ ಆತು ನೋಡ್ರಿ. ಇಬ್ರದೂ ಒಂದೊಂದ ಕಾಲು.”