ತಾತನ ನೂಲು

ದೀಪಕ್ಕೆ ಬತ್ತಿ ಹೊಸೆಯುವಾಗ ಹತ್ತಿ ಬೆರಳಿಗೆ ಅಂಟಿದರೆ, ಇಂದಿಗೂ ನನಗೆ ಚಾಮರಾಜಪೇಟೆಯ ನಮ್ಮ ಪುಟ್ಟ ಶಾಲೆಯ ಶನಿವಾರ ನೆನಪಾಗುತ್ತದೆ.

ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಾವು ತಕಲಿಯಿಂದ ನೂಲು ತೆಗೆಯಬೇಕಿತ್ತು. ನನ್ನದು ಗೇಣುದ್ದ ಬರುವಷ್ಟರಲ್ಲಿ ಪಟ್ಟನೆ ಹರಿಯುತ್ತಿತ್ತು. ರೋಸಿಹೋಗಿ ಒಂದು ವಾರ, ಜನಿವಾರಕ್ಕೆಂದು ತಾತ ತಾವೇ ನೂತಿಟ್ಟಿದ್ದ ನೂಲನ್ನೇ ಕದ್ದು ಒಯ್ದು ಮಿಸ್ ಕೈಗಿಟ್ಟೆ.

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದನ್ನ ತೆಗೆದವರನ್ನ ಮುಂದಿನ ವಾರ ಕರ್ಕೊಂಡು ಬಾ" ಎಂದರು.

ಆ ವಾರವಿಡೀ ನನಗೆ ಊಟ ಸೇರಲಿಲ್ಲ. "ಮಿಸ್ ಕರೀತಿದಾರೆ" ಎಂದಷ್ಟೇ ತಾತನಿಗೆ ಹೇಳಿದೆ. ದೂರು ಕೇಳಲು ಸಿದ್ಧರಾಗಿ, ಅವರು ಕರೀ ಕೋಟು ತೊಟ್ಟು ಬಂದರು. ಮಿಸ್ ತಮ್ಮ ಕುರ್ಚಿಯನ್ನು ಅವರಿಗೆ ಕೊಟ್ಟು, ತಾವು ನಮ್ಮ ಜೊತೆ ಚಾಪೆಯ ಮೇಲೆ ಕೂತರು.

"ನನಗೂ ಸರಿಯಾಗಿ ಬರಲ್ಲ. ನೀವೇ ಹೇಳ್ಕೊಡಿ."

ಮೊದಲು ಹರಿದದ್ದು ಮಿಸ್ ನೂಲೇ. "ಎಳೀಬೇಡಮ್ಮ, ಅದಾಗೇ ಬರತ್ತೆ" ಎಂದರು ತಾತ. ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ಮಿಸ್ ನಕ್ಕರು.

ಕದ್ದ ನೂಲಿನ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ದಾರಿಯುದ್ದಕ್ಕೂ ಹೆದರಿ ನಡೆದೆ. ಮನೆಯ ಗೇಟು ತೆಗೆಯುತ್ತಾ ತಾತ ಕೇಳಿದ್ದು ಒಂದೇ ಮಾತು:

"ಮುಂದಿನ ಶನಿವಾರಾನೂ ಸ್ಕೂಲಿದೆ ತಾನೇ, ಪುಟ್ಟೀ?"