ಮೇಣ ಮೆತ್ತಿದ ನಟ್ಟು

ಬಾಗಿಲಿಗೆ ಜೀಪು ಬಂದು ನಿಂತರೂ ಮುಕುಂದಯ್ಯನವರು ಹತ್ತಲಿಲ್ಲ. ಹೆರಿಗೆ ನೋವು ಶುರುವಾಗಿದ್ದ ಮಗಳು ಮೀನಾಕ್ಷಿಯನ್ನು ಹೆಂಡತಿ ವರದಮ್ಮ ಹಿಂದಿನ ಸೀಟಿನಲ್ಲಿ ಒರಗಿಸಿಕೊಂಡು ಕೂತಾಗಿತ್ತು. ಹೊಸನಗರದ ಆಸ್ಪತ್ರೆಗೆ ಹೋಗಬೇಕು. ಮಧ್ಯಾಹ್ನದ ಬಸ್ಸು ಹೋಗಿಬಿಟ್ಟಿತ್ತು. ಆ ಹೊತ್ತಿಗೆ ಪೇಟೆಯಲ್ಲಿ ಸಿಕ್ಕಿದ ಬಾಡಿಗೆ ಗಾಡಿಯೆಂದರೆ ಧರ್ಮಪ್ಪನ ಈ ಹಳೇ ಜೀಪು ಒಂದೇ. ಮುಕುಂದಯ್ಯನವರು ಮಾತ್ರ ಅದರ ಎಡಗಡೆಯ ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಧೂಳು ಮೆತ್ತಿದ ನಟ್ಟುಗಳನ್ನು ಪಿಳಿಪಿಳಿ ನೋಡುತ್ತಿದ್ದರು.

"ಹುಡುಗಿ ಇಲ್ಲಿ ಒದ್ದಾಡ್ತಾ ಇದಾಳೆ, ನೀವೆಂತ ಚಕ್ರಕ್ಕೆ ಪೂಜೆ ಮಾಡ್ತಾ ಕೂತಿದೀರಿ? ಹತ್ತಿ!" ಎಂದು ವರದಮ್ಮ ಕೂಗಿದರು.

ಪೂಜೆ ಮಾಡುವಂಥ ಚಕ್ರವೇ ಅದು. ಕಳೆದ ದೀಪಾವಳಿಯವರೆಗೂ ಜೀಪು ಮುಕುಂದಯ್ಯನವರದೇ ಆಗಿತ್ತು. ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಎಂಬುದು ಅವರ ಸಿದ್ಧಾಂತ; ಆದ್ದರಿಂದ ಗಡಿಯಾರ, ರೇಡಿಯೋ, ಜೀಪು ಎಲ್ಲವನ್ನೂ ತಾವೇ ಬಿಚ್ಚುತ್ತಿದ್ದರು. ಗಡಿಯಾರ, ರೇಡಿಯೋಗಳು ಆಗಲೇ ಅಟ್ಟ ಸೇರಿದ್ದವು. ಆ ಕಾಲದ ಜೀಪಿನ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ. ಅದು ತಿಳಿಯದ ಮುಕುಂದಯ್ಯನವರು ಎಡಕ್ಕೆ ತಿರುಗಿಸಿ ತಿರುಗಿಸಿ ಬಿಗಿ ಮಾಡಿದರು. ಬಿಡಲಿಲ್ಲವೆಂದು ನಟ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತರು. ಐದು ಬೋಲ್ಟುಗಳಲ್ಲಿ ಎರಡು ಲಟಕ್ಕೆಂದು ಮುರಿದವು. ಒಳಗೆ ಉಳಿದ ತುಂಡುಗಳನ್ನು ಇಕ್ಕಳದಲ್ಲಿ ಹಿಡಿದು ಹೊರಕ್ಕೆ ಜಗ್ಗಿದರು. ಅವು ಜಪ್ಪಯ್ಯ ಅನ್ನಲಿಲ್ಲ.

ಗ್ಯಾರೇಜಿನ ಭೂತಪ್ಪನ ಹತ್ತಿರ ಒಯ್ದರೆ, ಮುಕುಂದಯ್ಯನವರಿಗೆ ಎಡ ಬಲ ಗೊತ್ತಿಲ್ಲ ಎಂದು ಪೇಟೆಯೆಲ್ಲ ನಗುತ್ತದೆ. ಮಾನ ದೊಡ್ಡದು. ಸೋರುವ ಕೊಡಕ್ಕೆ ಹಚ್ಚಲೆಂದು ಕೋಲಿಗೆ ಸುತ್ತಿಟ್ಟಿದ್ದ ಹಲಸಿನ ಮೇಣ ಮನೆಯಲ್ಲೇ ಇತ್ತು. ಅದನ್ನು ಕಾಯಿಸಿ, ಎರಡು ನಟ್ಟುಗಳನ್ನು ಅವುಗಳ ಜಾಗದಲ್ಲೇ ಅಂಟಿಸಿ, ಮೇಲೆ ದೀಪದ ಮಸಿ ಬಳಿದರು. ಆಮೇಲೆ ದೇವಸ್ಥಾನದ ದಿಕ್ಕಿಗೆ ಕೈಮುಗಿದು, "ತಂದ ಹಾಗೇ ಇದೆ, ಒಂದು ಬೋಲ್ಟೂ ಅಲ್ಲಾಡಿಲ್ಲ" ಎಂದು ಧರ್ಮಪ್ಪನಿಗೆ ಜೀಪು ಮಾರಿದರು.

ಈಗ ಮುಕುಂದಯ್ಯನವರು ಧರ್ಮಪ್ಪನ ಪಕ್ಕ ಹತ್ತಿ ಕೂತರು, ಜೀಪು ಹೊರಟಿತು. ರಸ್ತೆಯಲ್ಲಿ ಗುಂಡಿಗಳೇ ಹೆಚ್ಚು.

"ಸ್ವಲ್ಪ ಜೋರಾಗಿ ಹೊಡಿ ಧರ್ಮಪ್ಪ, ನೋವು ಜಾಸ್ತಿ ಆಗ್ತಾ ಇದೆ" ಎಂದರು ವರದಮ್ಮ.

"ಬೇಡ ಮಾರಾಯ, ನಿಧಾನ!" ಎಂದರು ಮುಕುಂದಯ್ಯನವರು.

"ಎಂತಕ್ಕೆ ನಿಧಾನ? ತಂದ ಹಾಗೇ ಇದೆ ಅಂತ ನೀವೇ ಹೇಳಿದ್ರಲ್ಲ" ಎಂದು ಧರ್ಮಪ್ಪ ಇನ್ನಷ್ಟು ಒತ್ತಿದ.

ಮೀನಾಕ್ಷಿ ನರಳಿದಳು. ಮುಂದೆ ಇಳಿಜಾರು, ಅದರ ಕೊನೆಗೆ ತಿರುವು, ತಿರುವಿನ ಆಚೆ ಆಳವಾದ ಹಳ್ಳ. ನಿಧಾನ ಮಾಡಿದರೆ ಹೆರಿಗೆ ಜೀಪಿನಲ್ಲೇ ಆದೀತು, ಜೋರು ಮಾಡಿದರೆ ಚಕ್ರ ಕಳಚೀತು. ಮುಕುಂದಯ್ಯನವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಜೀವಮಾನದಲ್ಲಿ ಮೊದಲ ಸಲ ಮಾನಕ್ಕಿಂತ ದೊಡ್ಡದೊಂದು ಕಣ್ಣೆದುರು ಬಂದಿತ್ತು.

"ನಿಲ್ಸು! ಹಿಂದಿನ ಚಕ್ರದಲ್ಲಿ ಎರಡು ಬೋಲ್ಟು ಇಲ್ಲ ಕಣೋ! ನಾನೇ ಮುರಿದಿದ್ದು. ಮೇಣದಲ್ಲಿ ನಟ್ಟು ಅಂಟಿಸಿದೀನಿ!"

ಧರ್ಮಪ್ಪ ಜೀಪು ನಿಲ್ಲಿಸಲಿಲ್ಲ. ಒಂದೇ ಕೈಯಲ್ಲಿ ತಿರುವು ಹಾಯಿಸಿ, ಇನ್ನೊಂದು ಕೈಯಿಂದ ಎದುರಿನ ಗಾಜಿನ ಕೆಳಗಿನ ತಟ್ಟೆಯಲ್ಲಿದ್ದ ನಟ್ಟೊಂದನ್ನು ಎತ್ತಿ ಅವರ ಅಂಗೈಗೆ ಹಾಕಿದ. ಬಿಸಿಲಿಗೆ ಕಾದು ಅದಕ್ಕೆ ಮೆತ್ತಿದ್ದ ಮೇಣ ಮೆತ್ತಗಾಗಿತ್ತು.

"ತಗೊಳ್ಳಿ, ನಿಮ್ದೇ. ಗಾಡಿ ತಗೊಂಡ ವಾರವೇ ಕಿತ್ಕೊಂಡು ಬಂತು. ಭೂತಪ್ಪ ಚಕ್ರ ಬಿಚ್ಚಿ, ತುಂಡಿಗೆ ಸೀಮೆಎಣ್ಣೆ ಹಾಕಿ, ಹಿಂದಕ್ಕೆ ಬಡಿದು ಎರಡೂ ತೆಗೆದ. ಹೊಸ ಬೋಲ್ಟು ಹಾಕಿದಾನೆ. ನಕ್ಕೂ ನಕ್ಕೂ ಸಾಕಾಯ್ತು ಅವನಿಗೆ. ಈ ನಟ್ಟು ನೋಡದೇ ಇರೋರು ಪೇಟೇಲಿ ಯಾರೂ ಇಲ್ಲ."

ಮುಕುಂದಯ್ಯನವರಿಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಸುಮ್ನೆ ಇದ್ಯಾ? ಅರ್ಧ ದಾರಿ ನನ್ನ ಜೀವ ಹಿಂಡಿದ್ಯಲ್ಲೋ! ಇದು ಮೋಸ ಅಲ್ವಾ?"

ಹಿಂದಿನಿಂದ ವರದಮ್ಮ ಅಂದರು: "ಸಂಕ್ರಾಂತಿ ಆದ್ಮೇಲೆ ಈ ಧರ್ಮಪ್ಪನ ಹೆಂಡ್ತಿ ಮಕ್ಕಳು ಇದೇ ಜೀಪಲ್ಲಿ ಮಾಸ್ತಿಕಟ್ಟೆ ಮದುವೆಗೆ ಹೊರಟಿದ್ರಲ್ಲ. ಅವತ್ತು ನೀವು ಜಗಲಿ ಮೇಲೆ ನಿಂತು ಕೈ ಬೀಸಿದ್ರಿ."

ಜೀಪು ಹೊಸನಗರದತ್ತ ಓಡಿತು. ಮುಕುಂದಯ್ಯನವರು ನಟ್ಟನ್ನು ಹೊರಗೆ ಎಸೆಯಲು ನೋಡಿದರು. ಅದು ಬೆರಳಿಂದ ಬೆರಳಿಗೆ ಅಂಟಿತೇ ಹೊರತು ಬಿಡಲಿಲ್ಲ. ಕೊನೆಗೆ ಆಸ್ಪತ್ರೆಯ ಕಂಬಕ್ಕೆ ಉಜ್ಜಿ ಅದನ್ನು ಕಿತ್ತರು. ಮಸಿ ಬೆರೆತ ಮೇಣ ಕೈಯಲ್ಲೇ ಉಳಿಯಿತು.

ಸಂಜೆಯ ಹೊತ್ತಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಮುಕುಂದಯ್ಯನವರ ಕಣ್ಣು ತುಂಬಿ ಬಂತು, ಕೈ ಚಾಚಿದರು. "ಕೈ ತೊಳ್ಕೊಂಡು ಬನ್ನಿ ಅಜ್ಜಾ" ಎಂದು ನರ್ಸು ಗದರಿದಳು. ನಲ್ಲಿಯಡಿ ನಿಂತು ಸೋಪು ಹಾಕಿ ತಿಕ್ಕಿದರು. ತಿಕ್ಕಿದಷ್ಟೂ ಒಂದು ಕೈಯ ಕಪ್ಪು ಎರಡೂ ಕೈಗೆ ಹರಡಿತು.

ಮಗುವನ್ನು ಎತ್ತಿಕೊಂಡು ಹೊರಗೆ ಬಂದ ವರದಮ್ಮ ಅದನ್ನು ನೋಡಿದರು. "ಹಲಸಿನ ಮೇಣ ನೀರಿಗೆ ಹೋಗುತ್ತಾ? ಮನೆಗೆ ಹೋಗಿ ಎಣ್ಣೆ ಹಚ್ಕೊಳ್ಳಿ" ಎಂದು ಹೇಳಿ, ಮಗುವನ್ನು ಧರ್ಮಪ್ಪನ ಕೈಗೆ ಕೊಟ್ಟರು.