ಎರಡು ಒಲೆಯ ಮನೆ

ಮದುವೆಯಾದಾಗಿನಿಂದ ಗಂಡ ವೃಷಭೇಂದ್ರ ಸೊರಗುತ್ತಿರುವುದು ಪದ್ಮಾಕ್ಷಿಗೆ ಒಗಟಾಗಿತ್ತು. ಅವನು ಎಡಸುರುಳಿಯ ಮೈಯವನು, ಅವಳು ಬಲಸುರುಳಿಯವಳು. ಉಣ್ಣುವ ಅಡುಗೆಗೂ ಅವರವರದೇ ಸುರುಳಿ; ಒಬ್ಬರದು ಇನ್ನೊಬ್ಬರ ಮೈಗೆ ಹತ್ತದು. ಅದಕ್ಕೇ ಮನೆಯಲ್ಲಿ ಎರಡು ಒಲೆ, ಅವರವರ ಅಡುಗೆ ಅವರವರದು.

ಇವತ್ತು ಅನುಮಾನ ಬಂದು, ಅವನು ಉಣ್ಣುತ್ತಿದ್ದ ಸಾರನ್ನೇ ಒಂದು ತೊಟ್ಟು ತಾಮ್ರದ ತಟ್ಟೆಗೆ ಬಿಟ್ಟಳು. ತೊಟ್ಟು ತಾನಾಗಿ ಹರಡಿ, ರಂಗೋಲಿಯಂತೆ ಬಲಕ್ಕೆ ಸುತ್ತಿಕೊಂಡಿತು.

“ನನ್ನ ಪಾತ್ರೇದು ಕದ್ದು ತಿಂತಿದೀರಾ?”

“ನಿನ್ನ ಸಬ್ಬಸಿಗೆ ಸಾರು ಪುದೀನದ ಥರ ಇರತ್ತೆ ಕಣೇ. ಬಿಡೋಕೇ ಆಗಲ್ಲ.”

“ಸಬ್ಬಸಿಗೇಲಿ ಎಲ್ಲಿಂದ ಬರತ್ರೀ ಪುದೀನ? ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ ನಿಮಗೆ!”

ಗೊಣಗುತ್ತಲೇ ಅವನ ಪಾತ್ರೆಯ ಸಬ್ಬಸಿಗೆ ಸಾರನ್ನು ಅವನಿಗೆ ಬಡಿಸಿದಳು. ಬೆರಳಿಗೆ ಅಂಟಿದ್ದನ್ನು ಮರೆತು ನೆಕ್ಕಿದಳು.

ಪುದೀನ!

ಪದ್ಮಾಕ್ಷಿ ಆಚೀಚೆ ನೋಡಿ, ತನ್ನ ತಟ್ಟೆಗೂ ಒಂದು ಸೌಟು ಬಡಿಸಿಕೊಂಡಳು.